ಬಕ್ ಓನೀಲ್

ಜಾನ್ ಜೋರ್ಡನ್ ಓನೀಲ್ (ನವೆಂಬರ್ 13, 1911 – ಅಕ್ಟೋಬರ್ 6, 2006) ಅಮೆರಿಕದ ಬೇಸ್‌ಬಾಲ್ ಆಟಗಾರರು, ತಂಡದ ಮ್ಯಾನೇಜರ್ ಮತ್ತು ಪ್ರತಿಭಾನ್ವೇಷಕರು. ಕ್ರೀಡಾಲೋಕದಲ್ಲಿ ಅವರು 'ಬಕ್' ಓನೀಲ್ ಎಂದೇ ಪ್ರಸಿದ್ಧರು. ಕಪ್ಪು ಜನಾಂಗದ ಆಟಗಾರರನ್ನು ದೇಶದ ಮುಖ್ಯ ಲೀಗುಗಳಿಂದ ಹೊರಗಿಟ್ಟಿದ್ದ ಕಾಲದಲ್ಲಿ ಅವರು ನೀಗ್ರೋ ಲೀಗಿನ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡದ ಪರವಾಗಿ ಆಡಿದರು. ಅನಂತರ ಆ ತಂಡದ ಮ್ಯಾನೇಜರ್ ಆದರು. 1956ರಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಷಿಕಾಗೋ ಕಬ್ಸ್ ತಂಡಕ್ಕಾಗಿ, ಆಮೇಲೆ ಕ್ಯಾನ್ಸಸ್ ಸಿಟಿ ರಾಯಲ್ಸ್ ತಂಡಕ್ಕಾಗಿ ಹೊಸ ಆಟಗಾರರನ್ನು ಹುಡುಕಿ ಕೊಟ್ಟರು. ಲೂ ಬ್ರಾಕ್, ಲೀ ಸ್ಮಿತ್, ಜೋ ಕಾರ್ಟರ್ ಮೊದಲಾದವರ ಏಳಿಗೆಯ ಹಿಂದೆ ಅವರ ಕಣ್ಣಿದೆ. 1962ರಲ್ಲಿ ಮೇಜರ್ ಲೀಗ್ ತಂಡವೊಂದರ ತರಬೇತುದಾರರಾಗಿ ನೇಮಕಗೊಂಡ ಮೊದಲ ಕಪ್ಪು ವ್ಯಕ್ತಿಯೂ ಅವರೇ. ತಾವು ಯೌವನದಲ್ಲಿ ದಾಟಲಾಗದ ಬಾಗಿಲಿನೊಳಕ್ಕೆ ಇತರರನ್ನು ಕರೆದೊಯ್ಯುವುದೇ ಅವರ ಬದುಕಿನ ದೊಡ್ಡ ಕೆಲಸವಾಯಿತು.

ಜನನ ಮತ್ತು ಬಾಲ್ಯ

ಓನೀಲ್ ಹುಟ್ಟಿದ್ದು ಫ್ಲಾರಿಡಾ ರಾಜ್ಯದಲ್ಲಿ, ಮೆಕ್ಸಿಕೋ ಕೊಲ್ಲಿಯ ದಡದ ಕ್ಯಾರಬೆಲ್ ಎಂಬ ಚಿಕ್ಕ ಊರಿನಲ್ಲಿ. ಅವರ ತಾತ ಗುಲಾಮರಾಗಿ ಬಾಳಿದವರು. ತಂದೆ ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿಯುತ್ತಿದ್ದರು ಮತ್ತು ಬಿಡುವಿನ ವೇಳೆಯಲ್ಲಿ ಊರಿನ ತಂಡದಲ್ಲಿ ಬೇಸ್‌ಬಾಲ್ ಆಡುತ್ತಿದ್ದರು. ಬಾಲಕನಿಗೆ ಆಟದ ಮೊದಲ ಪಾಠ ಸಿಕ್ಕಿದ್ದು ತಂದೆಯಿಂದಲೇ. ಬಾಲ್ಯದಲ್ಲಿಯೇ ಕುಟುಂಬ ಸಾರಸೋಟ ನಗರಕ್ಕೆ ವಲಸೆ ಬಂತು. ಅಲ್ಲಿನ ವಿಶಾಲವಾದ ಸೆಲರಿ ಸೊಪ್ಪಿನ ಹೊಲಗಳಲ್ಲಿ ತಂದೆಗೆ ಮೇಸ್ತ್ರಿಯ ಕೆಲಸ ದೊರೆಯಿತು. ತಾಯಿ ಅಡುಗೆ ಕೆಲಸ ಮಾಡುತ್ತಿದ್ದರು. ಹುಡುಗನಾಗಿದ್ದ ಓನೀಲ್ ಸಹ ಅದೇ ಹೊಲಗಳಲ್ಲಿ ಪೆಟ್ಟಿಗೆಗಳನ್ನು ಹೊತ್ತು ಸಾಗಿಸುವ ಕೆಲಸಕ್ಕೆ ಸೇರಿದರು. ಬಿಸಿಲು, ದೂಳು ಮತ್ತು ಗೊಬ್ಬರದ ವಾಸನೆಯ ನಡುವೆ ದುಡಿಯುತ್ತಿದ್ದಾಗ, ಇದಕ್ಕಿಂತ ಬೇರೊಂದು ಬದುಕು ಇರಲೇಬೇಕೆಂಬ ಯೋಚನೆ ತಮಗೆ ಬಂದುದನ್ನು ಅವರು ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು.

ಆ ಕಾಲದಲ್ಲಿ ಮೇಜರ್ ಲೀಗ್ ತಂಡಗಳು ಚಳಿಗಾಲ ಮುಗಿಯುವ ಹೊತ್ತಿಗೆ ಅಭ್ಯಾಸಕ್ಕಾಗಿ ಫ್ಲಾರಿಡಾಕ್ಕೆ ಬರುವ ವಾಡಿಕೆಯಿತ್ತು. ಈಗಲೂ ಇದೆ. ನ್ಯೂಯಾರ್ಕ್ ಜೈಂಟ್ಸ್ ತಂಡ ಸಾರಸೋಟದಲ್ಲಿಯೇ ಬಿಡಾರ ಹೂಡುತ್ತಿತ್ತು. ಹಾಗಾಗಿ ಹೆಸರಾಂತ ಆಟಗಾರರನ್ನು ಹತ್ತಿರದಿಂದ ನೋಡುವ ಅವಕಾಶ ಆ ಬಾಲಕನಿಗೆ ಸಿಕ್ಕಿತು. ಆದರೆ ಅವರಲ್ಲಿ ಒಬ್ಬರೂ ಅವನ ಬಣ್ಣದವರಲ್ಲ. ಮುಂದೆ ಅವನ ಚಿಕ್ಕಪ್ಪ ಅವನನ್ನು ಪಾಮ್ ಬೀಚಿಗೆ ಕರೆದೊಯ್ದರು. ಅಲ್ಲಿನ ಶ್ರೀಮಂತ ಹೋಟೆಲುಗಳು ಚಳಿಗಾಲದಲ್ಲಿ ಅತಿಥಿಗಳ ಮನರಂಜನೆಗಾಗಿ ಕಪ್ಪು ಆಟಗಾರರ ತಂಡಗಳನ್ನು ಇರಿಸಿಕೊಂಡು ಪಂದ್ಯ ನಡೆಸುತ್ತಿದ್ದವು. ರೂಬ್ ಫಾಸ್ಟರ್ ಅವರಂತಹ ಘಟಾನುಘಟಿಗಳನ್ನು ಬಾಲಕ ಅಲ್ಲಿ ಕಂಡನು. ತನ್ನಂತಹವರೂ ಈ ಆಟದಿಂದ ಅನ್ನ ಸಂಪಾದಿಸಬಹುದೆಂಬುದು ಅವನಿಗೆ ತಿಳಿದದ್ದು ಅಲ್ಲಿಯೇ.

ಓದಿನ ವಿಷಯದಲ್ಲಿ ಅಡ್ಡಿ ಇನ್ನೂ ದೊಡ್ಡದಾಗಿತ್ತು. ಸಾರಸೋಟ ಪ್ರೌಢಶಾಲೆ ಬಿಳಿಯರ ಮಕ್ಕಳಿಗೆ ಮಾತ್ರ ಮೀಸಲಾಗಿತ್ತು. ಕಪ್ಪು ಮಕ್ಕಳ ಶಾಲೆ ಎಂಟನೆಯ ತರಗತಿಗೆ ಮುಗಿದುಹೋಗುತ್ತಿತ್ತು. ಆದುದರಿಂದ ಓನೀಲ್ ಮನೆ ಬಿಟ್ಟು ಜ್ಯಾಕ್ಸನ್‌ವಿಲ್ ನಗರದ ಎಡ್ವರ್ಡ್ ವಾಟರ್ಸ್ ಕಾಲೇಜಿಗೆ ಸೇರಿ, ಅಲ್ಲಿಯೇ ಪ್ರೌಢಶಿಕ್ಷಣವನ್ನು ಪೂರೈಸಿದರು. ಆ ಮೇಲೆ ಎರಡು ವರ್ಷ ಕಾಲೇಜು ವ್ಯಾಸಂಗವನ್ನೂ ಮಾಡಿದರು. ತನ್ನೊಳಗೆ ಕಾಲಿಡಲು ಬಿಡದ ಸಾರಸೋಟ ಪ್ರೌಢಶಾಲೆ 1995ರಲ್ಲಿ ಅವರಿಗೆ ಗೌರವ ಪ್ರಮಾಣಪತ್ರ ನೀಡಿತು. ಆಗ ಅವರ ವಯಸ್ಸು ಎಂಬತ್ತಮೂರು.

ನೀಗ್ರೋ ಲೀಗುಗಳ ಹಿನ್ನೆಲೆ

ಓನೀಲ್ ಅವರ ಬದುಕನ್ನು ತಿಳಿಯಲು ಈ ಲೀಗುಗಳ ಪರಿಚಯ ಅಗತ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ವೃತ್ತಿಪರ ಬೇಸ್‌ಬಾಲ್ ತಂಡಗಳ ಮಾಲೀಕರು ಕಪ್ಪು ಆಟಗಾರರನ್ನು ಸೇರಿಸಿಕೊಳ್ಳದಿರುವ ಅಲಿಖಿತ ಒಪ್ಪಂದಕ್ಕೆ ಬಂದಿದ್ದರು. ಯಾವ ನಿಯಮ ಪುಸ್ತಕದಲ್ಲಿಯೂ ಇಲ್ಲದ ಈ ಕಟ್ಟಳೆ ಬರೆದಿಟ್ಟ ಕಾನೂನಿಗಿಂತ ಬಿಗಿಯಾಗಿ ಪಾಲನೆಯಾಯಿತು. ಆಗ ಕಪ್ಪು ಆಟಗಾರರು ತಮ್ಮವೇ ತಂಡಗಳನ್ನು ಕಟ್ಟಿಕೊಂಡರು. 1920ರಲ್ಲಿ ರೂಬ್ ಫಾಸ್ಟರ್ ಅವರ ಮುಂದಾಳುತನದಲ್ಲಿ ಕ್ಯಾನ್ಸಸ್ ಸಿಟಿಯ ವೈಎಂಸಿಎ ಕಟ್ಟಡವೊಂದರಲ್ಲಿ ಸಭೆ ಸೇರಿ ನೀಗ್ರೋ ನ್ಯಾಷನಲ್ ಲೀಗ್ ಸ್ಥಾಪನೆಯಾಯಿತು. 'ನೀಗ್ರೋ' ಎಂಬ ಪದವನ್ನು ಇಂದು ಯಾರೂ ಗೌರವದಿಂದ ಬಳಸುವುದಿಲ್ಲ. ಇಲ್ಲಿ ಅದು ಚಾರಿತ್ರಿಕ ಹೆಸರಾಗಿ ಮಾತ್ರ ಉಳಿದುಕೊಂಡಿದೆ.

ಲೀಗಿನ ಪಂದ್ಯಗಳ ನಡುವೆ ಈ ತಂಡಗಳು ಬಸ್ಸಿನಲ್ಲಿ ಊರೂರು ಸುತ್ತಿ, ಸಿಕ್ಕವರೊಡನೆ ಪ್ರದರ್ಶನ ಪಂದ್ಯಗಳನ್ನು ಆಡಿ ಹೊಟ್ಟೆ ಹೊರೆಯುತ್ತಿದ್ದವು. ನಮ್ಮ ಕಡೆಯ ನಾಟಕ ಕಂಪನಿಗಳ ತಿರುಗಾಟವನ್ನು ಬಲ್ಲವರಿಗೆ ಆ ಬದುಕಿನ ಚಿತ್ರ ಸುಲಭವಾಗಿ ಮೂಡೀತು. ಒಂದು ವ್ಯತ್ಯಾಸವೆಂದರೆ, ದಕ್ಷಿಣದ ರಾಜ್ಯಗಳ ಎಷ್ಟೋ ಊರುಗಳಲ್ಲಿ ಪ್ರೇಕ್ಷಕರು ಚಪ್ಪಾಳೆ ತಟ್ಟಿದ ಅದೇ ಆಟಗಾರರಿಗೆ ಅಂದು ರಾತ್ರಿ ಊಟಕ್ಕೂ ಮಲಗಲಿಕ್ಕೂ ಯಾವ ಹೋಟೆಲೂ ಬಾಗಿಲು ತೆರೆಯುತ್ತಿರಲಿಲ್ಲ.

ಆಟಗಾರರಾಗಿ

1934ರಲ್ಲಿ ಓನೀಲ್ ಕಾಲೇಜನ್ನು ಬಿಟ್ಟು ಊರೂರು ಸುತ್ತುವ ತಂಡಗಳನ್ನು ಸೇರಿದರು. 'ಬಕ್' ಎಂಬ ಅಡ್ಡಹೆಸರು ಅಂಟಿಕೊಂಡದ್ದು ಒಂದು ಗೊಂದಲದಿಂದ. ಮಯಾಮಿ ಜೈಂಟ್ಸ್ ತಂಡದ ಮಾಲೀಕರಲ್ಲಿ ಬಕ್ ಓನೀಲ್ ಎಂಬ ಹೆಸರಿನವರೊಬ್ಬರಿದ್ದರು. ಅವರ ಹೆಸರು ಇವರಿಗೂ ಬಂದು, ಕೊನೆಗೆ ಇವರದೇ ಆಗಿ ನಿಂತಿತು. ಆರಂಭದ ಆ ವರ್ಷಗಳಲ್ಲಿ ಹೊಟ್ಟೆಪಾಡಿಗಾಗಿ ಜೂಲೂ ಕ್ಯಾನಿಬಲ್ ಜೈಂಟ್ಸ್ ಎಂಬ ತಂಡದಲ್ಲಿಯೂ ಅವರು ಕೆಲಕಾಲ ಆಡಿದರು. ಆ ತಂಡದವರು ಹುಲ್ಲಿನ ಲಂಗ ತೊಟ್ಟು, ಆಫ್ರಿಕದ ಕಾಡುಜನರಂತೆ ವೇಷ ಹಾಕಿಕೊಂಡು ಮೈದಾನಕ್ಕಿಳಿಯಬೇಕಾಗಿತ್ತು. ಈ ಸಂಗತಿಯನ್ನು ಅವರು ಮುಂದೆ ಎಂದೂ ಮುಚ್ಚಿಡಲಿಲ್ಲ.

1937ರಲ್ಲಿ ಮೆಂಫಿಸ್ ರೆಡ್ ಸಾಕ್ಸ್ ತಂಡದಲ್ಲಿದ್ದು, 1938ರಲ್ಲಿ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡವನ್ನು ಸೇರಿದರು. ಜೆ. ಎಲ್. ವಿಲ್ಕಿನ್ಸನ್ ಎಂಬ ಬಿಳಿಯರ ಒಡೆತನದ ಈ ತಂಡ ಕಪ್ಪು ಬೇಸ್‌ಬಾಲಿನಲ್ಲಿ ಅತ್ಯಂತ ಶಿಸ್ತಿನ, ಅತ್ಯಂತ ಹೆಸರುವಾಸಿಯಾದ ತಂಡಗಳಲ್ಲೊಂದು. ಲಾರಿಗಳ ಮೇಲೆ ಹೇರಿಕೊಂಡು ಹೋಗಬಹುದಾದ ವಿದ್ಯುದ್ದೀಪಗಳ ನೆರವಿನಿಂದ 1930ರಲ್ಲಿಯೇ, ಎಂದರೆ ಮೇಜರ್ ಲೀಗುಗಳಿಗಿಂತ ಐದು ವರ್ಷ ಮೊದಲೇ, ರಾತ್ರಿಯ ಪಂದ್ಯಗಳನ್ನು ಆಡಿದ ತಂಡವಿದು. ನೀಳಕಾಯದ ಓನೀಲ್ ಫಸ್ಟ್ ಬೇಸ್‌ಮನ್ ಆಗಿ, ಎಂದರೆ ಚೆಂಡು ಹೊಡೆದ ದಾಂಡಿಗ ಓಡಿ ತಲುಪಬೇಕಾದ ಮೊದಲ ನೆಲೆಯ ಕಾವಲುಗಾರನಾಗಿ, ತಂಡದಲ್ಲಿ ಸ್ಥಾನ ಪಡೆದರು.

1942ರಲ್ಲಿ ಮೊನಾರ್ಕ್ಸ್ ತಂಡ ನೀಗ್ರೋ ವರ್ಲ್ಡ್ ಸೀರೀಸ್ ಸರಣಿಯಲ್ಲಿ ಹೋಮ್‌ಸ್ಟೆಡ್ ಗ್ರೇಸ್ ತಂಡವನ್ನು ಸೋಲಿಸಿತು. ಆ ಸರಣಿಯ ಎರಡನೆಯ ಪಂದ್ಯದಲ್ಲಿ ಮೂರೂ ನೆಲೆಗಳಲ್ಲಿ ಎದುರಾಳಿಗಳು ನಿಂತಿದ್ದಾಗ ಮೊನಾರ್ಕ್ಸ್‌ನ ಪಿಚರ್ ಸ್ಯಾಚೆಲ್ ಪೇಜ್ ಅವರು ಆ ಕಾಲದ ಮಹಾ ದಾಂಡಿಗ ಜಾಶ್ ಗಿಬ್ಸನ್ ಅವರನ್ನು ಮೂರೇ ಎಸೆತಗಳಲ್ಲಿ ಔಟ್ ಮಾಡಿದರು. ಮೊದಲ ನೆಲೆಯಲ್ಲಿ ನಿಂತು ಇದನ್ನು ಕಂಡ ಓನೀಲ್ ಮುಂದಿನ ಅರವತ್ತು ವರ್ಷ ಈ ಪ್ರಸಂಗವನ್ನು ಬಗೆಬಗೆಯಾಗಿ ವರ್ಣಿಸಿದರು. ಹೇಳಿದ ಹಾಗೆಲ್ಲ ಕಥೆ ಸ್ವಲ್ಪ ಬೆಳೆಯಿತೆಂಬುದೂ ನಿಜ.

ಎರಡನೆಯ ಮಹಾಯುದ್ಧದಲ್ಲಿ, 1943ರಿಂದ 1945ರವರೆಗೆ, ಅವರು ನೌಕಾಪಡೆಯಲ್ಲಿದ್ದರು. ಅಲ್ಲಿಯೂ ಕಪ್ಪು ಸೈನಿಕರ ಪಡೆಗಳು ಪ್ರತ್ಯೇಕವಾಗಿದ್ದವು. ಓನೀಲ್ ಅವರಿಗೆ ಬಂದದ್ದು ಹಡಗುಗಳಿಗೆ ಸರಕು ತುಂಬುವ, ಇಳಿಸುವ ಕೆಲಸ. ಫಿಲಿಪ್ಪೀನ್ಸ್‌ನ ಸೂಬಿಕ್ ಕೊಲ್ಲಿಯಲ್ಲಿದ್ದಾಗ, 1945ರ ಅಕ್ಟೋಬರ್‌ನಲ್ಲಿ, ಬ್ರೂಕ್ಲಿನ್ ಡಾಡ್ಜರ್ಸ್ ಸಂಸ್ಥೆ ಜ್ಯಾಕಿ ರಾಬಿನ್ಸನ್ ಅವರೊಡನೆ ಕರಾರು ಮಾಡಿಕೊಂಡ ಸುದ್ದಿ ತಲುಪಿತು. ರಾಬಿನ್ಸನ್ ಆ ವರ್ಷ ಆಡುತ್ತಿದ್ದುದು ಓನೀಲ್ ಅವರದೇ ಮೊನಾರ್ಕ್ಸ್ ತಂಡದಲ್ಲಿ. ಬಣ್ಣದ ಗೋಡೆ ಬಿರುಕು ಬಿಟ್ಟಿತ್ತು. ಆದರೆ ಓನೀಲ್ ಅವರಿಗೆ ಆಗ ಮೂವತ್ತನಾಲ್ಕು ತುಂಬುತ್ತಿತ್ತು. ಹೊಸಬರನ್ನು ಹುಡುಕುತ್ತಿದ್ದ ಮೇಜರ್ ಲೀಗ್ ತಂಡಗಳ ಕಣ್ಣಿಗೆ ಅದು ಮುಪ್ಪು.

1946ರಲ್ಲಿ ಮರಳಿ ಬಂದವರು ಮೂರು ವರ್ಷ ಬ್ಯಾಟು ಹಿಡಿಯದವರಂತೆ ಆಡಲಿಲ್ಲ. ಆಗ ಪ್ರಕಟವಾದ ಅಂಕಿಅಂಶಗಳಂತೆ ನೀಗ್ರೋ ಅಮೆರಿಕನ್ ಲೀಗಿನ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲ ಸ್ಥಾನ ಅವರದಾಯಿತು. ಅದೇ ವರ್ಷ ಮೆಂಫಿಸ್‌ನ ಶಿಕ್ಷಕಿ ಓರಾ ಲೀ ಓವೆನ್ ಅವರನ್ನು ವಿವಾಹವಾದರು. 1997ರಲ್ಲಿ ಆಕೆ ತೀರಿಕೊಳ್ಳುವವರೆಗೆ, ಐವತ್ತೊಂದು ವರ್ಷಗಳ ದಾಂಪತ್ಯ ಅವರದು. ಮಕ್ಕಳಿರಲಿಲ್ಲ.

ಮ್ಯಾನೇಜರ್ ಆಗಿ

1948ರಲ್ಲಿ ಓನೀಲ್ ಮೊನಾರ್ಕ್ಸ್ ತಂಡದ ಮ್ಯಾನೇಜರ್ ಆದರು. ಬೇಸ್‌ಬಾಲಿನಲ್ಲಿ ಮ್ಯಾನೇಜರ್ ಎಂದರೆ ಲೆಕ್ಕಪತ್ರ ನೋಡುವವರಲ್ಲ. ತಂಡವನ್ನು ಆರಿಸಿ, ಪಂದ್ಯದ ಪ್ರತಿ ಹೆಜ್ಜೆಯನ್ನೂ ನಿರ್ಧರಿಸುವ ಮುಖ್ಯಸ್ಥರು. ಅವರು ಈ ಹೊಣೆ ಹೊತ್ತದ್ದು ತಂಡ ಇಳಿಮುಖವಾಗಿದ್ದ ಕಾಲದಲ್ಲಿ. ರಾಬಿನ್ಸನ್ ಡಾಡ್ಜರ್ಸ್ ತಂಡಕ್ಕೆ ಕಾಲಿಟ್ಟ ಮೇಲೆ ಕಪ್ಪು ಪ್ರೇಕ್ಷಕರು ಮೇಜರ್ ಲೀಗ್ ಮೈದಾನಗಳತ್ತ ನಡೆದರು. ಒಳ್ಳೆಯ ಆಟಗಾರರು ಒಬ್ಬೊಬ್ಬರಾಗಿ ಅವರ ಹಿಂದೆ ಹೋದರು. ನೀಗ್ರೋ ನ್ಯಾಷನಲ್ ಲೀಗ್ 1948ರ ಋತುವಿನೊಂದಿಗೆ ಮುಚ್ಚಿತು. ಆಟಗಾರರಿಗೇನೋ ಹೊಸ ದಾರಿ ತೆರೆಯಿತು. ಕಪ್ಪು ಮ್ಯಾನೇಜರುಗಳಿಗೆ, ತಂಡಗಳ ಮಾಲೀಕರಿಗೆ, ಅವರನ್ನು ನಂಬಿದ್ದ ಹೋಟೆಲು ಅಂಗಡಿಗಳಿಗೆ ಆ ದಾರಿಯಲ್ಲಿ ಜಾಗವಿರಲಿಲ್ಲ. ಸಮಾನತೆಯ ಚರಿತ್ರೆಯನ್ನು ಬರೆಯುವವರು ಈ ಬೆಲೆಯನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಂಥ ಸಂದರ್ಭದಲ್ಲಿ ಮ್ಯಾನೇಜರನಾದವನಿಗೆ ಎರಡು ದಾರಿಗಳಿದ್ದವು: ಒಳ್ಳೆಯವರನ್ನು ತಡೆದಿಟ್ಟುಕೊಂಡು ತಂಡವನ್ನು ಉಳಿಸುವುದು, ಇಲ್ಲವೇ ಅವರನ್ನು ತಯಾರು ಮಾಡಿ ಕಳುಹಿಸುವುದು. ಓನೀಲ್ ಎರಡನೆಯದನ್ನು ಆರಿಸಿಕೊಂಡರು. 1948ರಲ್ಲಿ ಅವರ ತಂಡಕ್ಕೆ ಬಂದ ಎಲ್‌ಸ್ಟನ್ ಹೊವಾರ್ಡ್ ಎರಡು ವರ್ಷಗಳ ಬಳಿಕ ನ್ಯೂಯಾರ್ಕ್ ಯಾಂಕೀಸ್ ಸಂಸ್ಥೆಯ ಪಾಲಾದರು. 1955ರಲ್ಲಿ ಯಾಂಕೀಸ್ ಪರ ಆಡಿದ ಮೊದಲ ಕಪ್ಪು ಆಟಗಾರರೂ ಆದರು. 1950ರಲ್ಲಿ ಹಿರಿಯ ಆಟಗಾರ ಕೂಲ್ ಪಾಪಾ ಬೆಲ್ ಅವರ ಶಿಫಾರಸಿನಂತೆ ಟೆಕ್ಸಸ್‌ನ ಎರ್ನಿ ಬ್ಯಾಂಕ್ಸ್ ಎಂಬ ನಾಚಿಕೆ ಸ್ವಭಾವದ ತರುಣನನ್ನು ಓನೀಲ್ ತಂಡಕ್ಕೆ ಸೇರಿಸಿಕೊಂಡರು. ಸೈನ್ಯದ ಸೇವೆ ಮುಗಿಸಿ ಬಂದ ಬ್ಯಾಂಕ್ಸ್ 1953ರ ಸೆಪ್ಟೆಂಬರ್‌ನಲ್ಲಿ ಷಿಕಾಗೋ ಕಬ್ಸ್ ಸೇರಿದಾಗ, ಆತನನ್ನು ರಿಗ್ಲಿ ಫೀಲ್ಡ್ ಮೈದಾನಕ್ಕೆ ಕರೆದೊಯ್ದವರು ಓನೀಲ್ ಅವರೇ. ಬ್ಯಾಂಕ್ಸ್ ಮುಂದೆ 512 ಹೋಮ್ ರನ್‌ಗಳನ್ನು ಬಾರಿಸಿ ಕಬ್ಸ್ ತಂಡದ ಅತ್ಯಂತ ಪ್ರೀತಿಯ ಆಟಗಾರರಾದರು. 1955ರ ಕೊನೆಗೆ ಮೊನಾರ್ಕ್ಸ್ ತಂಡ ಮಾರಾಟವಾದಾಗ ಓನೀಲ್ ಅದನ್ನು ಬಿಟ್ಟರು. ಅವರ ಕೈಯಲ್ಲಿ ತಯಾರಾದ ಆಟಗಾರರನ್ನು ಕಂಡಿದ್ದ ಕಬ್ಸ್ ಸಂಸ್ಥೆ ಅವರನ್ನು ಪ್ರತಿಭಾನ್ವೇಷಕರಾಗಿ ನೇಮಿಸಿಕೊಂಡಿತು.

ಪ್ರತಿಭಾನ್ವೇಷಕರಾಗಿ

ಅಮೆರಿಕದಲ್ಲಿ 'ಸ್ಕೌಟ್' ಎಂದು ಕರೆಯಲಾಗುವ ಬೇಸ್‌ಬಾಲ್ ಪ್ರತಿಭಾನ್ವೇಷಕರ ಕೆಲಸ ಹೊರಗಿನವರಿಗೆ ಕಾಣದಂಥದು. ಶಾಲೆ, ಕಾಲೇಜು ಮತ್ತು ಹಳ್ಳಿಯ ಮೈದಾನಗಳಲ್ಲಿ ಕುಳಿತು ಹದಿನೇಳು ಹದಿನೆಂಟರ ಹುಡುಗರ ಆಟವನ್ನು ನೋಡುವುದು, ಐದಾರು ವರ್ಷಗಳ ಅನಂತರ ಅವರಲ್ಲಿ ಯಾರು ಏನಾಗಬಲ್ಲರೆಂದು ಊಹಿಸಿ ತಂಡಕ್ಕೆ ವರದಿ ಕಳುಹಿಸುವುದು ಅವರ ಕರ್ತವ್ಯ. ಚೆಂಡನ್ನು ಹೊಡೆಯುವ ಕೌಶಲ, ಹೊಡೆತದ ಬಲ, ಓಟ, ಎಸೆತ ಮತ್ತು ಕ್ಷೇತ್ರರಕ್ಷಣೆ ಎಂಬ ಐದು ಗುಣಗಳನ್ನು ಅವರು ತೂಗಿ ನೋಡುತ್ತಾರೆ. ಓಟವನ್ನು ಗಡಿಯಾರದಿಂದ ಅಳೆಯಬಹುದು. ಸೋಲನ್ನು ತಾಳಿಕೊಳ್ಳುವ ಶಕ್ತಿಯನ್ನು ಅಳೆಯುವ ಉಪಕರಣವಿಲ್ಲ. ನೋಡಿದ ನೂರು ಹುಡುಗರಲ್ಲಿ ಒಬ್ಬನಾದರೂ ಮೇಲಕ್ಕೆ ಬಂದರೆ ಅದು ದೊಡ್ಡ ಮಾತು. ಬಂದವನ ಹೆಸರು ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಅವನನ್ನು ಕಂಡುಹಿಡಿದವರ ಹೆಸರು ಅಚ್ಚಾಗುವುದಿಲ್ಲ.

ದಕ್ಷಿಣದ ರಾಜ್ಯಗಳೇ ಓನೀಲ್ ಅವರ ಮುಖ್ಯ ಕಾರ್ಯಕ್ಷೇತ್ರವಾದವು. ಕಪ್ಪು ವಿದ್ಯಾರ್ಥಿಗಳ ಕಾಲೇಜುಗಳು ಅಲ್ಲಿ ಹೇರಳವಾಗಿದ್ದವು. ಬಿಳಿಯ ಪ್ರತಿಭಾನ್ವೇಷಕರು ಅತ್ತ ಸುಳಿಯುತ್ತಿದ್ದುದು ಅಪರೂಪ. ಓನೀಲ್ ಅವರಿಗಾದರೋ ಅದು ಹಳೆಯ ಹಾದಿ. ಮೊನಾರ್ಕ್ಸ್ ತಂಡದ ಬಸ್ಸಿನಲ್ಲಿ ಸುತ್ತಿದ ಊರುಗಳು, ಎದುರು ಆಡಿದ ಆಟಗಾರರು ಈಗ ಶಾಲೆಗಳ ತರಬೇತುದಾರರಾಗಿದ್ದ ಮೈದಾನಗಳು, ಊಟ ಹಾಕಿದ ಮನೆಗಳು ಎಲ್ಲವೂ ಅವರಿಗೆ ಗೊತ್ತಿದ್ದವು. ಹುಡುಗನ ತಂದೆತಾಯಿಗಳೊಡನೆ ಕುಳಿತು, ಅವರ ಭಾಷೆಯಲ್ಲಿ, ಅವರ ಅಂಜಿಕೆಗಳನ್ನು ಅರಿತು ಮಾತನಾಡಬಲ್ಲವರಾಗಿದ್ದರು.

ಅವರ ಶೋಧಗಳಲ್ಲಿ ಮೊದಲು ಹೇಳಬೇಕಾದದ್ದು ಲೂ ಬ್ರಾಕ್ ಅವರ ಹೆಸರನ್ನು. ಲೂಸಿಯಾನಾದ ಹಳ್ಳಿಯ ಬಡತನದಲ್ಲಿ ಬೆಳೆದ ಬ್ರಾಕ್, ಬ್ಯಾಟನ್ ರೂಜ್ ನಗರದ ಸದರ್ನ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದರು. ಅವರ ಆಟ ಇನ್ನೂ ಒರಟಾಗಿತ್ತು. ಓಟ ಮಾತ್ರ ಮಿಂಚಿನಂತಿತ್ತು. ಓನೀಲ್ ಅದನ್ನು ನೋಡಿ, ಪಟ್ಟು ಹಿಡಿದು ಅವರನ್ನು ಹಿಂಬಾಲಿಸಿದರು. 1960ರಲ್ಲಿ ಕಬ್ಸ್ ಸಂಸ್ಥೆ 30,000 ಡಾಲರುಗಳಿಗೆ ಬ್ರಾಕ್ ಅವರೊಡನೆ ಕರಾರು ಮಾಡಿಕೊಂಡಿತು. ಮುಂದಿನ ವರ್ಷವೇ ಅವರು ಮೇಜರ್ ಲೀಗಿಗೆ ಬಂದರು. ಆದರೆ ತಾಳ್ಮೆಗೆಟ್ಟ ಕಬ್ಸ್ ಆಡಳಿತ 1964ರ ಜೂನ್‌ನಲ್ಲಿ ಅವರನ್ನು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ ಬಿಟ್ಟುಕೊಟ್ಟಿತು. ಬದಲಿಗೆ ಬಂದ ಮುಖ್ಯ ಆಟಗಾರ, ಪಿಚರ್ ಎರ್ನಿ ಬ್ರೊಗ್ಲಿಯೊ, ಕಬ್ಸ್ ಪರ ಗೆದ್ದದ್ದು ಕೆಲವೇ ಪಂದ್ಯಗಳನ್ನು. ಬ್ರಾಕ್ ಅದೇ ವರ್ಷ ಕಾರ್ಡಿನಲ್ಸ್‌ನೊಡನೆ ವರ್ಲ್ಡ್ ಸೀರೀಸ್ ಗೆದ್ದರು. ನಿವೃತ್ತರಾಗುವ ಹೊತ್ತಿಗೆ 938 ನೆಲೆಗಳನ್ನು ಕದ್ದು ಆ ಕಾಲದ ದಾಖಲೆ ಬರೆದಿದ್ದರು. (ಪಿಚರ್‌ನ ಕಣ್ಣು ತಪ್ಪಿಸಿ ಮುಂದಿನ ನೆಲೆಗೆ ಓಡುವುದನ್ನು ಬೇಸ್‌ಬಾಲಿನಲ್ಲಿ ನೆಲೆ ಕದಿಯುವುದು ಎನ್ನುತ್ತಾರೆ.) ಬೇಸ್‌ಬಾಲ್ ಚರಿತ್ರೆಯ ಅತ್ಯಂತ ನಷ್ಟದ ವ್ಯವಹಾರಗಳನ್ನು ಎಣಿಸುವವರು ಇದನ್ನು ಮರೆಯುವುದಿಲ್ಲ. ಪ್ರತಿಭಾನ್ವೇಷಕರ ತೀರ್ಪು ಸರಿಯಿದ್ದರೂ ಅದನ್ನು ಕಾಪಾಡಿಕೊಳ್ಳುವುದು ಅವರ ಕೈಯಲ್ಲಿರುವುದಿಲ್ಲ ಎಂಬುದಕ್ಕೂ ಇದು ನಿದರ್ಶನ.

ಓನೀಲ್ ಅವರ ಕೆಲಸದ ರೀತಿ ಎಂತಹುದೆಂಬುದು ಬಿಲ್ಲಿ ವಿಲಿಯಮ್ಸ್ ಅವರ ಪ್ರಸಂಗದಿಂದ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅಲಬಾಮಾದ ವಿಸ್ಲರ್ ಎಂಬ ಊರಿನ ವಿಲಿಯಮ್ಸ್ ಅವರನ್ನು ಕಬ್ಸ್‌ಗೆ ಸೇರಿಸಿದವರು ಓನೀಲ್ ಅಲ್ಲ. 1959ರಲ್ಲಿ ವಿಲಿಯಮ್ಸ್ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋ ನಗರದ ಮೈನರ್ ಲೀಗ್ ತಂಡದಲ್ಲಿ ಚೆನ್ನಾಗಿ ಆಡುತ್ತಿದ್ದರು. ಆದರೆ ಪ್ರವಾಸದ ಊರುಗಳಲ್ಲಿ ಬಿಳಿಯ ಸಂಗಡಿಗರು ಹೋಟೆಲಿನೊಳಗೆ ಕುಳಿತು ಉಣ್ಣುವಾಗ ಕಪ್ಪು ಆಟಗಾರರು ಹೊರಗುಳಿಯಬೇಕಾಗಿತ್ತು. ಅವಮಾನವನ್ನು ಸಹಿಸಲಾರದೆ, ಒಂದು ದಿನ ಯಾರಿಗೂ ಹೇಳದೆ ರೈಲು ಹತ್ತಿ ಅವರು ಮನೆಗೆ ಹೊರಟುಹೋದರು. ಅವರನ್ನು ಮರಳಿ ಕರೆತರಲು ಕಬ್ಸ್ ಕಳುಹಿಸಿದ್ದು ಓನೀಲ್ ಅವರನ್ನು.

ಓನೀಲ್ ವಿಸ್ಲರ್‌ಗೆ ಬಂದವರು ಬೈಯಲಿಲ್ಲ, ಕರಾರಿನ ಮಾತೆತ್ತಲಿಲ್ಲ. ವಿಲಿಯಮ್ಸ್ ಅವರ ತಂದೆತಾಯಿಗಳೊಡನೆ ಕುಳಿತು ಊಟ ಮಾಡಿದರು, ಕ್ಷೇಮಸಮಾಚಾರ ಮಾತನಾಡಿದರು. ಒಂದೆರಡು ದಿನ ಕಳೆದ ಮೇಲೆ ಅವರನ್ನು ಹತ್ತಿರದ ಮೈದಾನಕ್ಕೆ ಕರೆದುಕೊಂಡು ಹೋದರು. ಅಲ್ಲಿ ಆಡುತ್ತಿದ್ದ ಹುಡುಗರು ವಿಲಿಯಮ್ಸ್ ಅವರನ್ನು ಕಂಡು ಸುತ್ತಲೂ ಮುತ್ತಿಕೊಂಡರು. ವೃತ್ತಿಪರ ಆಟ ಹೇಗಿರುತ್ತದೆ, ಯಾವ ಊರುಗಳನ್ನು ಕಂಡಿರಿ, ತಾವೂ ಹೋಗಬಹುದೇ ಎಂದೆಲ್ಲ ಕೇಳತೊಡಗಿದರು. ತಾನು ಬಿಟ್ಟು ಬಂದದ್ದು ಈ ಹುಡುಗರ ಕನಸನ್ನು ಎಂಬುದು ವಿಲಿಯಮ್ಸ್ ಅವರಿಗೆ ತಾನಾಗಿಯೇ ಹೊಳೆಯಿತು. ಅವರು ತಂಡಕ್ಕೆ ಮರಳಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಮೇಜರ್ ಲೀಗಿನಲ್ಲಿ ಆಡಿದರು. 1961ರಲ್ಲಿ ಲೀಗಿನ ಅತ್ಯುತ್ತಮ ಹೊಸ ಆಟಗಾರರೆನಿಸಿ, ಒಟ್ಟು 426 ಹೋಮ್ ರನ್‌ಗಳೊಡನೆ 1987ರಲ್ಲಿ ಹಾಲ್ ಆಫ್ ಫೇಮ್ ಗೌರವ ಪಡೆದರು.

ಈ ಕಥೆಗೆ ಇನ್ನೊಂದು ಕೊಂಡಿಯಿದೆ. ಲೂಸಿಯಾನಾದ ಕ್ಯಾಸ್ಟರ್ ಎಂಬ ಹಳ್ಳಿಯ ಲೀ ಸ್ಮಿತ್ ಎಂಬ ಎತ್ತರದ ಹುಡುಗನ ಎಸೆತದ ವೇಗವನ್ನು ಓನೀಲ್ ಗುರುತಿಸಿದ್ದರು. 1975ರಲ್ಲಿ ಕಬ್ಸ್ ಆತನನ್ನು ಎರಡನೆಯ ಸುತ್ತಿನಲ್ಲಿ ಆಯ್ದುಕೊಂಡಿತು. ಕೆಲವು ವರ್ಷಗಳ ಬಳಿಕ, ಪಂದ್ಯದ ಕೊನೆಯಲ್ಲಿ ಮಾತ್ರ ಎಸೆಯುವ ಪಿಚರ್ ಆಗಬೇಕೆಂದು ಹೇಳಿದ್ದಕ್ಕೆ ಬೇಸರಗೊಂಡ ಸ್ಮಿತ್, ಆಟವನ್ನು ತೊರೆದು ಬ್ಯಾಸ್ಕೆಟ್‌ಬಾಲಿನತ್ತ ಹೊರಟರು. ಆಗ ಅವರ ಮನೆಗೆ ಹೋಗಿ ಮನವೊಲಿಸಿ ಕರೆತಂದವರು ಬಿಲ್ಲಿ ವಿಲಿಯಮ್ಸ್. ಸ್ಮಿತ್ ಮುಂದೆ 478 ಪಂದ್ಯಗಳ ಗೆಲುವನ್ನು ಕೊನೆಗಳಿಗೆಯಲ್ಲಿ ಕಾಪಾಡಿ, 2019ರಲ್ಲಿ ಹಾಲ್ ಆಫ್ ಫೇಮ್ ಸೇರಿದರು.

1965ರಲ್ಲಿ ಪ್ರತಿಭಾನ್ವೇಷಣೆಯ ಸ್ವರೂಪವೇ ಬದಲಾಯಿತು. ಅದುವರೆಗೆ ಯಾವ ತಂಡ ಬೇಕಾದರೂ ಹುಡುಗನ ಮನೆಗೆ ಹೋಗಿ, ಹಣ ಕೊಟ್ಟು, ಸಹಿ ಪಡೆಯಬಹುದಿತ್ತು. ಪ್ರತಿಭಾನ್ವೇಷಕರ ಸ್ನೇಹ, ಮಾತು, ಮನೆಯವರ ನಂಬಿಕೆ ಇವೆಲ್ಲ ಬೆಲೆಬಾಳುತ್ತಿದ್ದವು. 1965ರಿಂದ ತಂಡಗಳು ಸರದಿಯಂತೆ ಹುಡುಗರನ್ನು ಆಯ್ದುಕೊಳ್ಳುವ 'ಡ್ರಾಫ್ಟ್' ಪದ್ಧತಿ ಬಂತು. ಯಾರು ಎಷ್ಟೇ ಮೊದಲು ಕಂಡಿದ್ದರೂ ಸರದಿ ಬಂದ ತಂಡಕ್ಕೆ ಹುಡುಗ ಸಲ್ಲುತ್ತಾನೆ. ಆದರೂ ಯಾರೂ ನೋಡದ ಮೂಲೆಯಲ್ಲಿ ನೋಡುವವರಿಗೆ ಈ ಪದ್ಧತಿಯಲ್ಲಿಯೂ ಅವಕಾಶವಿತ್ತು. ಅಲಬಾಮಾದ ಮಾಂಟ್‌ಗಮರಿಯ ಹವ್ಯಾಸಿ ಪಂದ್ಯವೊಂದರಲ್ಲಿ ಕಂಡ ಆಸ್ಕರ್ ಗ್ಯಾಂಬಲ್ ಎಂಬ ಹುಡುಗನನ್ನು ಆರಿಸಲು ಓನೀಲ್ ಕಬ್ಸ್ ಸಂಸ್ಥೆಯನ್ನು ಒಪ್ಪಿಸಿದರು. 1968ರಲ್ಲಿ ಹದಿನಾರನೆಯ ಸುತ್ತಿನವರೆಗೆ ಯಾರಿಗೂ ಬೇಡವಾಗಿದ್ದ ಈ ಹುಡುಗ ಮೇಜರ್ ಲೀಗಿನಲ್ಲಿ 200 ಹೋಮ್ ರನ್ ಹೊಡೆದರು. 1981ರಲ್ಲಿ ಕಬ್ಸ್ ಆಯ್ದುಕೊಂಡ ಜೋ ಕಾರ್ಟರ್ ಅವರ ಹಿಂದೆಯೂ ಓನೀಲ್ ಇದ್ದರು. ಕಾರ್ಟರ್ ಬೇರೆ ತಂಡಗಳಿಗೆ ಹೋಗಿ, 1993ರಲ್ಲಿ ಟೊರಾಂಟೊ ಬ್ಲೂ ಜೇಸ್ ಪರವಾಗಿ ವರ್ಲ್ಡ್ ಸೀರೀಸನ್ನು ಕೊನೆಯ ಹೊಡೆತದಿಂದ ಗೆದ್ದುಕೊಟ್ಟರು.

ಓನೀಲ್ ಕಣ್ಣಿನಷ್ಟೇ ಕಿವಿಯನ್ನೂ ನಂಬುತ್ತಿದ್ದರು. ಬ್ಯಾಟಿಗೆ ಚೆಂಡು ತಾಗುವ ಒಂದು ವಿಶಿಷ್ಟ ಸದ್ದನ್ನು ತಾವು ಜೀವಮಾನದಲ್ಲಿ ಮೂವರಿಂದ ಮಾತ್ರ ಕೇಳಿದ್ದಾಗಿ ಹೇಳುತ್ತಿದ್ದರು. ಬಾಲ್ಯದಲ್ಲಿ ಫ್ಲಾರಿಡಾದ ಮೈದಾನದ ಬೇಲಿಯಾಚೆಯಿಂದ ಬೇಬ್ ರೂತ್, ಆಟಗಾರನಾಗಿದ್ದಾಗ ಜಾಶ್ ಗಿಬ್ಸನ್, ಎಪ್ಪತ್ತು ದಾಟಿದ ಮೇಲೆ ಕ್ಯಾನ್ಸಸ್ ಸಿಟಿಯಲ್ಲಿ ಬೋ ಜ್ಯಾಕ್ಸನ್. ನಾಲ್ಕನೆಯ ಬಾರಿ ಕೇಳುವ ಆಸೆಯಿಂದಲೇ ಮೈದಾನಗಳಿಗೆ ಹೋಗುತ್ತಿರುವೆನೆಂಬುದು ಅವರ ಇಳಿವಯಸ್ಸಿನ ಮಾತು.

ಮೊದಲ ಕಪ್ಪು ತರಬೇತುದಾರ

1961ರಲ್ಲಿ ಕಬ್ಸ್ ಮಾಲೀಕ ಪಿ. ಕೆ. ರಿಗ್ಲಿ ಅವರು ಮ್ಯಾನೇಜರ್ ಹುದ್ದೆಯನ್ನೇ ತೆಗೆದು, ಹಲವು ತರಬೇತುದಾರರು ಸರದಿಯಂತೆ ತಂಡವನ್ನು ನಡೆಸುವ ವಿಚಿತ್ರ ಪ್ರಯೋಗಕ್ಕೆ ಕೈಹಾಕಿದರು. 1962ರ ಮೇ ತಿಂಗಳಲ್ಲಿ ಓನೀಲ್ ಅವರನ್ನು ಈ ತಂಡದ ತರಬೇತುದಾರರಲ್ಲಿ ಒಬ್ಬರೆಂದು ಘೋಷಿಸಲಾಯಿತು. ಮೇಜರ್ ಲೀಗ್ ಚರಿತ್ರೆಯಲ್ಲಿ ಅದು ಮೊದಲ ಸಲ. ಸುದ್ದಿ ದೊಡ್ಡದು, ಅಧಿಕಾರ ಚಿಕ್ಕದು. ತಂಡವನ್ನು ನಡೆಸುವ ಸರದಿ ಅವರಿಗೆ ಬರಲಿಲ್ಲ. ಮೈದಾನದಲ್ಲಿ ನಿಂತು ಓಟಗಾರರಿಗೆ ಸನ್ನೆ ಮಾಡುವ ಕೆಲಸವನ್ನೂ ಕೊಡಲಿಲ್ಲ. ಒಂದು ಪಂದ್ಯದಲ್ಲಿ ಆ ಜಾಗದಲ್ಲಿದ್ದವರನ್ನು ಅಂಪೈರ್ ಹೊರಗೆ ಕಳುಹಿಸಿದಾಗ ಬೆಂಚಿನಲ್ಲಿ ಓನೀಲ್ ಸಿದ್ಧರಿದ್ದರು. ಆದರೂ ದೂರದಲ್ಲಿ ಪಿಚರುಗಳೊಡನೆ ಕುಳಿತಿದ್ದ ಬೇರೊಬ್ಬ ತರಬೇತುದಾರರನ್ನು ಕರೆಸಲಾಯಿತು. ಬೇಸ್‌ಬಾಲಿನ ದೀರ್ಘ ಜೀವನದಲ್ಲಿ ತಮಗೆ ಅತ್ಯಂತ ನೋವು ಕೊಟ್ಟ ಘಟನೆಗಳಲ್ಲಿ ಅದೂ ಒಂದೆಂದು ಅವರು ಹೇಳಿಕೊಂಡಿದ್ದಾರೆ. ಕೆಲಕಾಲದ ಬಳಿಕ ಪ್ರತಿಭಾನ್ವೇಷಣೆಗೇ ಮರಳಿದರು. ಮೇಜರ್ ಲೀಗಿನಲ್ಲಿ ಮ್ಯಾನೇಜರ್ ಆಗುವ ಅವಕಾಶ ಅವರಿಗೆ ಎಂದೂ ಸಿಗಲಿಲ್ಲ.

ವಸ್ತುಸಂಗ್ರಹಾಲಯ ಮತ್ತು ಜನಪ್ರಿಯತೆ

1988ರಲ್ಲಿ ಅವರು ತಮ್ಮ ಊರೇ ಆಗಿಹೋಗಿದ್ದ ಕ್ಯಾನ್ಸಸ್ ಸಿಟಿಯ ರಾಯಲ್ಸ್ ತಂಡದ ಪ್ರತಿಭಾನ್ವೇಷಕರಾದರು. 1998ರಲ್ಲಿ ಮಧ್ಯ ಪಶ್ಚಿಮ ವಲಯದ ವರ್ಷದ ಪ್ರತಿಭಾನ್ವೇಷಕರೆಂಬ ಗೌರವ ಬಂದಾಗ ಅವರ ವಯಸ್ಸು ಎಂಬತ್ತಾರು. ಅಷ್ಟರಲ್ಲಿ ಅವರು ಇನ್ನೊಂದು ಶೋಧದಲ್ಲಿ ತೊಡಗಿಯಾಗಿತ್ತು. 1990ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ನೀಗ್ರೋ ಲೀಗುಗಳ ಬೇಸ್‌ಬಾಲ್ ವಸ್ತುಸಂಗ್ರಹಾಲಯ ಸ್ಥಾಪನೆಯಾಗಲು ಕಾರಣರಾದವರಲ್ಲಿ ಅವರು ಪ್ರಮುಖರು. ಮುಂದೆ ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಕೊನೆಯವರೆಗೂ ದುಡಿದರು.

1994ರಲ್ಲಿ ಕೆನ್ ಬರ್ನ್ಸ್ ಅವರ ಬೇಸ್‌ಬಾಲ್ ಕುರಿತ ಸಾಕ್ಷ್ಯಚಿತ್ರ ಸರಣಿ ದೂರದರ್ಶನದಲ್ಲಿ ಪ್ರಸಾರವಾಯಿತು. ಅದರಲ್ಲಿ ನೀಗ್ರೋ ಲೀಗುಗಳ ಕಥೆಯನ್ನು ಹೇಳಿದ ಈ ಮುದುಕನ ನಗುಮುಖ ಮನೆಮಾತಾಯಿತು. ಎಂಬತ್ತೆರಡು ವರ್ಷ ಬೇಸ್‌ಬಾಲ್ ವಲಯದ ಹೊರಗೆ ಅಷ್ಟಾಗಿ ಪರಿಚಿತರಲ್ಲದಿದ್ದವರು ದೇಶದ ಪ್ರೀತಿಪಾತ್ರರಾದರು. 1996ರಲ್ಲಿ ಅವರ ಆತ್ಮಕಥೆ 'ಐ ವಾಸ್ ರೈಟ್ ಆನ್ ಟೈಮ್' ಪ್ರಕಟವಾಯಿತು. ಬಹಳ ಬೇಗ ಹುಟ್ಟಿ ಅವಕಾಶ ಕಳೆದುಕೊಂಡಿರೆಂದು ಮರುಗುವವರಿಗೆ ಆ ಶೀರ್ಷಿಕೆಯೇ ಅವರ ಉತ್ತರ. ತಾವು ಸರಿಯಾದ ಕಾಲಕ್ಕೇ ಬಂದೆವೆಂಬುದು ಅದರ ತಾತ್ಪರ್ಯ. ಈ ಸೌಮ್ಯತೆಯನ್ನು ಮರೆವೆಂದು ಭಾವಿಸಬಾರದು. ತಮಗಾದ ಅನ್ಯಾಯಗಳನ್ನು ಅವರು ಊರು, ವರ್ಷ, ಹೆಸರುಗಳೊಡನೆ ನೆನಪಿಟ್ಟುಕೊಂಡಿದ್ದರು.

2006ರ ಮತದಾನ

ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿರುವ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾಗುವುದು ಬೇಸ್‌ಬಾಲಿನ ಅತ್ಯುನ್ನತ ಗೌರವ. ಹಿಂದಿನ ಕಾಲದವರನ್ನು ಆರಿಸುವ ಅದರ ಸಮಿತಿಯಲ್ಲಿ ಓನೀಲ್ ಅವರೇ ಸುಮಾರು ಎರಡು ದಶಕಗಳ ಕಾಲ ಸದಸ್ಯರಾಗಿದ್ದು, ಮರೆತುಹೋಗಿದ್ದ ನೀಗ್ರೋ ಲೀಗ್ ಆಟಗಾರರ ಪರವಾಗಿ ವಾದಿಸಿದ್ದರು. 2006ರ ಫೆಬ್ರವರಿಯಲ್ಲಿ, ನೀಗ್ರೋ ಲೀಗುಗಳಿಗೂ ಅವಕ್ಕಿಂತ ಹಿಂದಿನ ಕಪ್ಪು ಬೇಸ್‌ಬಾಲಿಗೂ ಸೇರಿದ ಅರ್ಹರನ್ನು ಒಮ್ಮೆಗೇ ಆರಿಸಲು ತಜ್ಞರ ವಿಶೇಷ ಸಮಿತಿ ಸೇರಿತು. ಓನೀಲ್ ಅವರ ಹೆಸರು ಪಟ್ಟಿಯಲ್ಲಿತ್ತು. ಆಯ್ಕೆ ಖಚಿತವೆಂದು ನಂಬಿದ್ದ ಸ್ನೇಹಿತರು ವಸ್ತುಸಂಗ್ರಹಾಲಯದಲ್ಲಿ ಅವರೊಡನೆ ಕಾಯುತ್ತಿದ್ದರು. ಹದಿನೇಳು ಮಂದಿ ಆಯ್ಕೆಯಾದರು. ಓನೀಲ್ ಆಗಲಿಲ್ಲ.

ಆಯ್ಕೆಯಾದ ಹದಿನೇಳು ಮಂದಿಯಲ್ಲಿ ಒಬ್ಬರೂ ಬದುಕಿರಲಿಲ್ಲ. ಜುಲೈ 30ರ ಸಮಾರಂಭದಲ್ಲಿ ಅವರೆಲ್ಲರ ಪರವಾಗಿ ಮಾತನಾಡಬಲ್ಲವರು ಯಾರು ಎಂಬ ಪ್ರಶ್ನೆ ಬಂದಾಗ ಓನೀಲ್ ಒಪ್ಪಿಕೊಂಡರು. ತೊಂಬತ್ತನಾಲ್ಕರ ವಯಸ್ಸಿನಲ್ಲಿ ಕೂಪರ್ಸ್‌ಟೌನ್‌ಗೆ ಹೋಗಿ, ತಮ್ಮನ್ನು ಕೈಬಿಟ್ಟ ವೇದಿಕೆಯ ಮೇಲೆ ನಿಂತು, ಇತರರ ಗುಣಗಾನ ಮಾಡಿದರು. ದ್ವೇಷ ತಮಗೆ ಎಂದೂ ತಿಳಿಯದೆಂದು ಹೇಳಿ, ನೆರೆದ ಸಾವಿರಾರು ಜನರನ್ನೂ ಹಿರಿಯ ಆಟಗಾರರನ್ನೂ ಕೈಕೈ ಹಿಡಿಸಿ ತಮ್ಮೊಡನೆ ಹಾಡಿಸಿದರು. ತಮ್ಮ ಆಯ್ಕೆಯಾಗದ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.

ಅದೇ ತಿಂಗಳು ಕ್ಯಾನ್ಸಸ್ ಸಿಟಿಯಲ್ಲಿ ನಡೆದ ನಾರ್ದರ್ನ್ ಲೀಗ್ ಎಂಬ ಸಣ್ಣ ಲೀಗಿನ ತಾರಾ ಪಂದ್ಯದಲ್ಲಿ ಅವರು ಬ್ಯಾಟು ಹಿಡಿದು ಮೈದಾನಕ್ಕಿಳಿದಿದ್ದರು. ಒಂದು ತಂಡದ ಪರ ಮೊದಲ ದಾಂಡಿಗರಾಗಿ ಆಡಿದ ಮೇಲೆ, ಆ ತಂಡ ಅವರನ್ನು ತಮಾಷೆಗಾಗಿ ಎದುರಾಳಿಗೆ ಬಿಟ್ಟುಕೊಟ್ಟಿತು. ಹೀಗಾಗಿ ಅದೇ ಇನ್ನಿಂಗ್ಸಿನಲ್ಲಿ ಇನ್ನೊಂದು ತಂಡಕ್ಕೂ ಅವರೇ ಮೊದಲ ದಾಂಡಿಗರಾದರು.

ನಿಧನ ಮತ್ತು ಮರಣೋತ್ತರ ಗೌರವಗಳು

2006ರ ಅಕ್ಟೋಬರ್ 6ರಂದು ಕ್ಯಾನ್ಸಸ್ ಸಿಟಿಯಲ್ಲಿ ಓನೀಲ್ ನಿಧನರಾದರು. ತೊಂಬತ್ತೈದು ತುಂಬಲು ಒಂದು ತಿಂಗಳಷ್ಟೇ ಉಳಿದಿತ್ತು. ಅದೇ ಡಿಸೆಂಬರ್‌ನಲ್ಲಿ ಅಮೆರಿಕದ ಅತ್ಯುಚ್ಚ ನಾಗರಿಕ ಗೌರವಗಳಲ್ಲೊಂದಾದ ಅಧ್ಯಕ್ಷರ ಸ್ವಾತಂತ್ರ್ಯ ಪದಕವನ್ನು ಅವರಿಗೆ ಮರಣೋತ್ತರವಾಗಿ ನೀಡಲಾಯಿತು. ಅವರ ಸಹೋದರ ಅದನ್ನು ಸ್ವೀಕರಿಸಿದರು. ಹಾಲ್ ಆಫ್ ಫೇಮ್ 2008ರಲ್ಲಿ ಅವರ ಹೆಸರಿನ ಜೀವಮಾನ ಸಾಧನೆಯ ಪ್ರಶಸ್ತಿಯನ್ನು ಆರಂಭಿಸಿ, ಮೊದಲನೆಯದನ್ನು ಅವರಿಗೇ ಸಲ್ಲಿಸಿ, ತನ್ನ ಕಟ್ಟಡದೊಳಗೆ ಅವರ ಪ್ರತಿಮೆಯನ್ನು ನಿಲ್ಲಿಸಿತು. ಸದಸ್ಯತ್ವವೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಕೊಟ್ಟಂತಾಯಿತು. ಕ್ಯಾನ್ಸಸ್ ಸಿಟಿಯಲ್ಲಿ ಮಿಸೌರಿ ನದಿಯ ಸೇತುವೆಗೆ ಅವರ ಹೆಸರಿಡಲಾಗಿದೆ.

2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ 1920ರಿಂದ 1948ರವರೆಗಿನ ನೀಗ್ರೋ ಲೀಗುಗಳನ್ನೂ ಮೇಜರ್ ಲೀಗುಗಳೆಂದು ಅಧಿಕೃತವಾಗಿ ಪರಿಗಣಿಸಿತು. ಮುಂದಿನ ವರ್ಷ, ಡಿಸೆಂಬರ್ 5, 2021ರಂದು, ಓನೀಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. 2006ರಲ್ಲಿ ಅವರೊಡನೆಯೇ ಆಯ್ಕೆಯಿಂದ ಹೊರಗುಳಿದಿದ್ದ ಕ್ಯೂಬಾದ ಮಿನ್ನಿ ಮಿನೊಸೊ ಅವರೂ ಅದೇ ದಿನ ಆಯ್ಕೆಯಾದರು. 2022ರ ಜುಲೈ 24ರಂದು ಕೂಪರ್ಸ್‌ಟೌನ್‌ನಲ್ಲಿ ನಡೆದ ಸಮಾರಂಭದಲ್ಲಿ ಓನೀಲ್ ಅವರ ಪರವಾಗಿ ಅವರ ಸೋದರ ಸೊಸೆ ಮಾತನಾಡಿದರು.